ಬಿಸಿಬೇಳೆಬಾತ್ ಕಟ್ಟಿಕೊಂಡು ಡ್ರೈವ್-ಇನ್‌ಗೆ

ನಾನು ಸ್ಟೀರಿಂಗ್ ಹಿಡಿದರೆ ಸಾಕು, ನಾಲ್ಕು ಜನಕ್ಕೆ ಹೇಳಿಕೊಳ್ಳುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ.

೧. ಹಿಂದಿನ ಸೀಟು

ಸಿಡ್ನಿಯ ರೌಸ್ ಹಿಲ್‌ನಲ್ಲಿ ಮಗಳ ಮನೆಗೆ ಬಂದು ನೆಲೆಸಿದಾಗ ನನಗೆ ಅರವತ್ತೊಂದು. ಎರಡು ಸಲ ಫೇಲಾಗಿ, ಅರವತ್ಮೂರಕ್ಕೆ ಲೈಸೆನ್ಸ್ ತಗೊಂಡೆ. ನಮ್ಮ ಯಜಮಾನರು ರಿಟೈರ್ಡ್ ಗಣಿತದ ಮೇಷ್ಟ್ರು. ಕಾರ್ಡನ್ನು ತಿರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದರು. ಕಾರು ಹತ್ತಿದ್ದು ಮಾತ್ರ ಹಿಂದೆ.

"ಮುಂದೆ ಬನ್ರೀ."

"ಪಾಸಾಗಿದ್ದು ಮೂರನೇ ಸಲ. ಸ್ವಲ್ಪ ದಿನ ನೋಡೋಣ."

ನಕ್ಷೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದಲೇ ದಾರಿ ಹೇಳುತ್ತಿದ್ದರು. ನೋಡಿದವರಿಗೆ ಅವರು ಮಂತ್ರಿ, ನಾನು ಸರ್ಕಾರಿ ಡ್ರೈವರ್.

೨. ಹಳೇ ಹೆಸರು

ಪಕ್ಕದ ಮನೆಯಲ್ಲಿ ಅಮೆರಿಕದಿಂದ ಬಂದ ಎಂಬತ್ತರ ಅಜ್ಜ. ಬಯಲಿನಲ್ಲಿ ಕಾರೊಳಗೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗೆ ಹೊರಟಿದ್ದೇವೆ ಎಂದೆ. ಕಣ್ಣು ಮಿಟುಕಿಸಿದರು.

"ನಮ್ಮ ಕಾಲದಲ್ಲಿ ಅದಕ್ಕೆ ಪ್ಯಾಶನ್ ಪಿಟ್ ಅಂತಿದ್ವಿ."

ಪ್ರೇಮದ ಗುಂಡಿ! ಜೋಡಿಗಳು ಅಲ್ಲಿಗೆ ಹೋಗುತ್ತಿದ್ದುದು ಸಿನಿಮಾ ನೋಡಲಿಕ್ಕಲ್ಲವಂತೆ. ಕಾರಿನ ಗಾಜು ಮಂಜಾಗಿದ್ದರೆ ಯಾರೂ ಹೋಗಿ ತಟ್ಟುವಂತಿಲ್ಲ, ಅದು ಮರ್ಯಾದೆಯಂತೆ.

ನನಗೆ ನಮ್ಮೂರ ಟೆಂಟ್ ಸಿನಿಮಾ ನೆನಪಾಯಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಮೋಟುಗೋಡೆ. ಆಮೇಲೆ ಟಾಕೀಸು ಬಂತು, ಗೋಡೆಯ ಜಾಗದಲ್ಲಿ ಅತ್ತೆ ಕೂತರು. ಮದುವೆಯಾಗಿ ನಲವತ್ತು ವರ್ಷ, ಒಂದು ಸಿನಿಮಾವನ್ನೂ ಪಕ್ಕಪಕ್ಕ ಕೂತು ನೋಡಿಲ್ಲ. ಈ ಸಲ ಇವರನ್ನು ಮುಂದಿನ ಸೀಟಿಗೆ ತಂದೇ ತರಬೇಕು ಎಂದುಕೊಂಡೆ.

ಅಜ್ಜ ಹೇಳಿದ್ದನ್ನು ಇವರಿಗೆ ಹೇಳಿದೆ. "ಮತ್ತೆ ಊಟ ಎಲ್ಲಿ ಮಾಡ್ತಿದ್ರಂತೆ?" ಎಂದು ಕೇಳಿದರು.

೩. ಗಾಜಿನ ಮಂಜು

ಡ್ರೈವ್-ಇನ್ ಬಯಲಿನಲ್ಲಿ ಒಂದೇ ಏಟಿಗೆ ಕಾರನ್ನು ಗೆರೆಯೊಳಗೆ ನಿಲ್ಲಿಸಿದೆ. ಇವರು ಹಿಂದೆಯೇ ಇದ್ದರು. ಬಿಸಿಬೇಳೆಬಾತಿನ ಪಾತ್ರೆ ನನ್ನ ಪಕ್ಕದ ಸೀಟಿನಲ್ಲಿತ್ತು. ಮುಚ್ಚಳ ತೆಗೆದೆ.

"ಇತ್ತ ಕೊಡೇ."

"ಬೇಕಾದ್ರೆ ಮುಂದೆ ಬನ್ನಿ."

ಎರಡು ನಿಮಿಷ ತಡೆದರು. ಒಗ್ಗರಣೆಯ ಘಮಕ್ಕೆ ಸೋತು, ಬಂದು ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ನಲವತ್ತು ವರ್ಷಕ್ಕೆ ಗೆದ್ದೆ!

ಹೊರಗೆ ಸಿಡ್ನಿಯ ಜುಲೈ ಚಳಿ, ಒಳಗೆ ಹಬೆ. ಗಾಜೆಲ್ಲ ಬೆಳ್ಳಗಾಗಿ ಪರದೆಯೇ ಕಾಣಲಿಲ್ಲ. ಇವರು ನನ್ನ ಕಡೆಯ ಗಾಜು ಒರೆಸಲು ಬಾಗಿದರು. ಅಷ್ಟರಲ್ಲಿ ಟಕ್ ಟಕ್. ನಾನು ಕಾರಿನ ಮುಂದಿನ ದೀಪ ಆರಿಸಲು ಮರೆತಿದ್ದೆ. ಅದನ್ನು ಹೇಳಲು ಕಾವಲಿನ ಹುಡುಗ ಬಂದಿದ್ದ. ಗಾಜು ಇಳಿಸಿದೆ.

"ಲೈಟ್..." ಎಂದವನು ಮಂಜಾದ ಗಾಜು ನೋಡಿದ, ನನ್ನ ಮೇಲೆ ಬಾಗಿದ್ದ ಬಿಳಿತಲೆ ನೋಡಿದ. "ಸಾರಿ, ಸಾರಿ!" ಎನ್ನುತ್ತಾ ತನ್ನ ಟಾರ್ಚನ್ನೇ ಆರಿಸಿಕೊಂಡು ಓಡಿದ.

"ಕರೆಯೇ ಅವನನ್ನ! ಇದು ಬಿಸಿಬೇಳೆಬಾತ್ ಹಬೆ ಅಂತ ಹೇಳು!" ಮೇಷ್ಟ್ರು ಒದ್ದಾಡಿದರು.

"ಯಾಕ್ರೀ ಹೇಳಬೇಕು?" ಎಂದು ಗಾಜು ಏರಿಸಿದೆ.