ಭಾವನವರ ಹತ್ತು ಆಲ್ಬಂ

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಐದೂಮುಕ್ಕಾಲಿಗೆ ಎದ್ದೆ. ಗೇಟಿಗೆ ತಗುಲಿಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದೆ. ಡಿಕಾಕ್ಷನ್ ಇಳಿಯಲು ಬಿಟ್ಟು, ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿಯನ್ನು ಜಾರಿಗೆ ತುಂಬಿ, ಮಿಕ್ಸಿಯ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾ ನಿಂತೆ. ಅಪ್ಪಣೆಗಾಗಿ! ಚಟ್ನಿ ರುಬ್ಬಲು ಅಪ್ಪಣೆ ಬೇಕಾದ ಮನೆ ಇಡೀ ಅರಸೀಕೆರೆಯಲ್ಲಿ ನಮ್ಮದೊಂದೇ ಇರಬೇಕು.

ಅಪ್ಪಣೆ ಕೊಡಬೇಕಾದವರು ನಮ್ಮ ಭಾವನವರು, ಯಜಮಾನರ ಅಣ್ಣ. ಮದುವೆಯ ಗೋಜಿಗೆ ಹೋಗದೆ ನಮ್ಮ ಜೊತೆಯಲ್ಲೇ ಇದ್ದಾರೆ. ಮುಂದಿನ ಕೋಣೆ ಅವರದು. ಅಲ್ಲಿ ಹಾಡಿನ ಆಲ್ಬಂ ಓಡುತ್ತಿರುವಷ್ಟು ಹೊತ್ತು ಮನೆಯಲ್ಲಿ ಮಿಕ್ಸಿ ತಿರುಗಬಾರದು, ನೀರಿನ ಮೋಟರು ಕೂಗಬಾರದು. ಕುಕ್ಕರಿಗೂ ಹೇಳಿ ನೋಡಿದ್ದಾರೆ, ಅದೊಂದು ಮಾತ್ರ ಕೇಳಿಲ್ಲ.

"ಇನ್ನೆಷ್ಟು ಹಾಡಿದೆ ಭಾವ?"

"ಎರಡೇ ಕಣಮ್ಮ. ಕೊನೇದು ಸ್ವಲ್ಪ ಉದ್ದ."

"ಇಡ್ಲಿ ಆರೋಗುತ್ತೆ."

"ಇಡ್ಲಿ ಬೇಕಾದ್ರೆ ಇನ್ನೊಂದ್ಸಲ ಬಿಸಿ ಮಾಡ್ಬಹುದು. ಹಾಡನ್ನ ಮಧ್ಯಕ್ಕೆ ನಿಲ್ಲಿಸಿ ಆಮೇಲೆ ಬಿಸಿ ಮಾಡೋಕಾಗುತ್ತಾ?"

ನಾನು ಮಿಕ್ಸಿಯ ಗುಂಡಿಯಿಂದ ಬೆರಳು ತೆಗೆದು ಇಡ್ಲಿ ಪಾತ್ರೆಗೆ ಮುಚ್ಚಳ ಮುಚ್ಚಿದೆ.

ಇಂಥ ಸಂಗೀತಪ್ರೇಮಿ ಯಾವುದೋ ಕಾಲೇಜಿನಲ್ಲಿ ಮೇಷ್ಟರಾಗಿದ್ದರೆಂದು ನೀವು ತಿಳಿದರೆ ತಪ್ಪಾಯಿತು. ಅವರು ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಕಾಯಿ ಅಲ್ಲಾಡಿಸಿದವರು. ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಬಿದ್ದಿದ್ದ ಕಾಯಿಯಲ್ಲಿ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳಾಡತೊಡಗುತ್ತದೆ. ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಕುಲುಕಿ, "ಆಗಿದೆ", "ಇನ್ನೂ ಒಂದು ತಿಂಗಳು", "ಇದು ಕೊಳೆತಿದೆ, ತೆಗೆದಾಕಿ" ಎಂದು ಹೇಳುವುದು ಅವರ ಕೆಲಸ. ಆ ಕಿವಿಗೆ ಈಗ ನಿವೃತ್ತಿಯಾಗಿದೆ. ಆದರೆ ಕಿವಿ ಸುಮ್ಮನೆ ಕೂರಬೇಕಲ್ಲ?

ಹಾಗಾಗಿ ಪ್ರತಿ ಡಿಸೆಂಬರಿನ ಕೊನೆಯ ಭಾನುವಾರ ಅವರು ವರ್ಷದ ಹತ್ತು ಅತ್ಯುತ್ತಮ ಆಲ್ಬಂಗಳನ್ನು ಘೋಷಿಸುತ್ತಾರೆ. ಅದರ ನಿಯಮಗಳು ಸಾಮಾನ್ಯವಲ್ಲ. ಮಾರ್ಚಿನೊಳಗೆ ಬಂದ ಆಲ್ಬಮ್ಮಿಗೆ ಮಾತ್ರ ಆ ವರ್ಷ ಪ್ರವೇಶ, ಮಿಕ್ಕಿದ್ದು "ಅಟ್ಟಕ್ಕೆ", ಅಂದರೆ ಮುಂದಿನ ವರ್ಷಕ್ಕೆ. "ಬಂದ ವಾರವೇ ಚೆನ್ನಾಗಿದೆ ಅನ್ನೋದು ಹಸಿಕಾಯಿ ಒಡೆದ ಹಾಗೆ ಕಣಮ್ಮ. ಎಲ್ಲಾ ನೀರು. ಹತ್ತು ತಿಂಗಳು ಬಿಟ್ಟು ಕುಲುಕಿ ನೋಡ್ಬೇಕು, ಒಳಗೆ ಏನಾದ್ರೂ ಉಳಿದಿದ್ಯಾ ಅಂತ." ಅವರ ಪಟ್ಟಿಯಲ್ಲಿ ಬೆಂಗಳೂರಿನ ರ‍್ಯಾಪ್ ಹುಡುಗರಿರುತ್ತಾರೆ ("ಬೈತಾರೆ, ನಿಜ. ಆದ್ರೆ ತಾಳ ತಪ್ಪದೆ ಬೈತಾರೆ. ನಮ್ಮ ಮಂಡಿ ಹಮಾಲರನ್ನ ಬಿಟ್ರೆ ಇನ್ಯಾರಿಗೂ ಇದು ಬರಲ್ಲ"), ತಂಬೂರಿಗೆ ಗಿಟಾರ್ ಕಟ್ಟಿದ ತತ್ವಪದದವರಿರುತ್ತಾರೆ, ಭೂಮಿಯ ಯಾವುದೋ ತುದಿಯ ಹಿಮದ ದೇಶದ ಒಬ್ಬಳು ಹೆಂಗಸೂ ಇರುತ್ತಾಳೆ. ಆಕೆಯ ಹಾಡಿಗೆ ಭಾವನವರು ಕಣ್ಣೊರೆಸಿಕೊಂಡಾಗ ನಾನು, "ಭಾಷೇನೇ ಗೊತ್ತಿಲ್ಲವಲ್ಲ ಭಾವ?" ಎಂದಿದ್ದೆ. "ಪಕ್ಕದ ಮನೆ ಮಗು ಅತ್ತಾಗ ಭಾಷೆ ಕೇಳ್ತೀಯೇನಮ್ಮ?" ಎಂದರು.

ಘೋಷಣೆಯ ಹಿಂದಿನ ರಾತ್ರಿಯೇ ಪಟ್ಟಿಯನ್ನು ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ, ಗೋಣಿಚೀಲದ ಮೇಲೆ ಗುರುತು ಹಾಕುವ ಕಪ್ಪು ಮಸಿಯಲ್ಲಿ ಬರೆದು ಮುಂದಿನ ಗೋಡೆಗೆ ಅಂಟಿಸುತ್ತಾರೆ. ಹೋದ ವರ್ಷ ಗ್ಯಾಸ್ ಸಿಲಿಂಡರಿನವನು ಅದರ ಮುಂದೆ ಬಹಳ ಹೊತ್ತು ನಿಂತು, "ಯಾರ್ ಸಾರ್ ಇವ್ರೆಲ್ಲಾ, ಎಲೆಕ್ಷನ್‌ಗೆ ನಿಂತವ್ರಾ? ಹತ್ತು ಜನಾನೂ ನಮ್ ವಾರ್ಡಿಗೇನಾ?" ಎಂದು ಕೇಳಿದ್ದ. ಭಾವನವರು ಅವನನ್ನೂ ಕೂರಿಸಿ ಮೂರು ಹಾಡು ಕೇಳಿಸಿ ಕಳಿಸಿದರು. ಆ ದಿನ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಒಲೆ ಹೊತ್ತಿದ್ದು ತಡವಾಗಿ.

ನನ್ನ ನಾಚಿಕೆಯ ಕತೆ ಇಲ್ಲಿಂದಲೇ ಶುರುವಾಗುತ್ತದೆ. ನಾನು ಹಾಸನದ ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿರಬೇಕು, ಧ್ವನಿ ಮೆತ್ತಗಿರಬೇಕು, ನಾಲ್ಕು ಜನರ ಕಣ್ಣಿಗೆ ಬೀಳಬಾರದು ಎಂದು ಸಿಸ್ಟರುಗಳು ಹತ್ತು ವರ್ಷ ತಿದ್ದಿ ತೀಡಿದ ಪ್ರಾಣಿ. ಅಂಥವಳನ್ನು ಕರೆದುಕೊಂಡು ಭಾವನವರು ಬೇಲೂರಿಗೆ ನೆಂಟರೊಬ್ಬರ ಮದುವೆಗೆ ಹೋದರು ನೋಡಿ! ಮುಹೂರ್ತವಾಗಿ, ಗಟ್ಟಿಮೇಳ ಮುಗಿದು, ಅಕ್ಷತೆ ಇನ್ನೂ ಗಾಳಿಯಲ್ಲಿದೆ, ಇವರು ಓಲಗದವರ ಹತ್ತಿರ ಹೋಗಿ, "ಡೋಲು ಒಂದು ಚೂರು ಮುಂದೆ ಓಡ್ತು. ಇನ್ನೊಂದ್ಸಲ ಬಾರಿಸ್ತೀರಾ?" ಎಂದರು.

"ತಾಳಿ ಕಟ್ಟಾಯ್ತಲ್ಲ ಸ್ವಾಮಿ!"

"ಅವ್ರು ಕಟ್ಟೋದು ಕಟ್ಟಾಯ್ತು. ನೀವು ಬಾರಿಸೋದು ಬಾಕಿ ಇದೆಯಲ್ಲ?"

ಛತ್ರಕ್ಕೆ ಛತ್ರವೇ ತಿರುಗಿ ನೋಡಿತು. ನಾನು ಕೋಸಂಬರಿ ಬಡಿಸುವ ನೆಪದಲ್ಲಿ ಅಡುಗೆಮನೆ ಸೇರಿದವಳು ಹೊರಗೆ ಬಂದದ್ದು ಬಸ್ಸಿನ ಹೊತ್ತಿಗೆ.

ಊರ ಪಕ್ಕದ ಮಾಲೇಕಲ್ಲು ತಿರುಪತಿಯಲ್ಲೂ ಅಷ್ಟೇ. ಬೆಟ್ಟದ ಮೆಟ್ಟಿಲನ್ನೆಲ್ಲ ಏದುಸಿರು ಬಿಡುತ್ತ ಹತ್ತಿದ್ದೇವೆ, ಒಳಗೆ ಮಂಗಳಾರತಿಯ ಗಂಟೆ ಹೊಡೆಯುತ್ತಿದೆ, ಇವರು ಕೊನೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ನಿಂತುಬಿಟ್ಟರು. ಭಕ್ತಿ ಎಂದುಕೊಂಡೆ. ಅಲ್ಲ, ಕಿವಿಯಲ್ಲಿ ಹೆಡ್‌ಫೋನು! "ಮೂರು ನಿಮಿಷ ಕಣಮ್ಮ. ವೆಂಕಟರಮಣ ಎಲ್ಲಿಗೂ ಹೋಗಲ್ಲ." ಹಿಂದಿದ್ದ ಅಷ್ಟೂ ಜನ ಅವರನ್ನು ಬಳಸಿಕೊಂಡು ಹೋದರು. ಕೆಲವರು ಕೈಮುಗಿದೂ ಹೋದರು.

ಇರಲಿ, ಆ ಭಾನುವಾರಕ್ಕೆ ಬರುತ್ತೇನೆ. ಅದೇ ಘೋಷಣೆಯ ಭಾನುವಾರ. ಪ್ರತಿ ವರ್ಷ ಅಂದು ಯಜಮಾನರಿಗೆ ಊರ ಹೊರಗೆ ಏನಾದರೊಂದು ತುರ್ತು ಕೆಲಸ ಹುಟ್ಟಿಕೊಳ್ಳುತ್ತದೆ. ಉಳಿಯುವ ಶ್ರೋತೃವರ್ಗ ನಾನೊಬ್ಬಳೇ. ಹತ್ತರಿಂದ ಒಂದಕ್ಕೆ ಇಳಿಯುತ್ತಾ ಒಂದೊಂದರಿಂದ ಒಂದೊಂದು ಹಾಡು ಹಾಕಿ ಅವರು ಭಾಷಣ ಮಾಡುತ್ತಾರೆ, ನಾನು ಅವರೆಕಾಯಿ ಬಿಡಿಸುತ್ತಾ ಹೂಂಗುಟ್ಟುತ್ತೇನೆ. ಆದರೆ ಈ ಸಲ ಹಿಂದಿನ ದಿನವೇ ನನ್ನ ಕಾನ್ವೆಂಟಿನ ಗೆಳತಿಯರಿಬ್ಬರು ಬೆಂಗಳೂರಿನಿಂದ ಫೋನು ಮಾಡಿದ್ದರು. "ಹಳೇಬೀಡಿಗೆ ಹೊರಟಿದೀವಿ ಕಣೇ, ಮಧ್ಯಾಹ್ನ ಊಟಕ್ಕೆ ನಿಮ್ಮನೆ!" ಇಪ್ಪತ್ತೆರಡು ವರ್ಷದ ಮೇಲೆ ನೋಡುತ್ತಿದ್ದೇವೆ.

ಭಾವನವರಿಗೆ ಹೇಳಿದೆ. ಅವರ ಮುಖ ಅರಳಿದ ಚೆಂದ ನೋಡಬೇಕಿತ್ತು. "ಒಳ್ಳೇದಾಯ್ತು! ಕೇಳೋರು ಇನ್ನಿಬ್ರು ಆದ್ರು."

ಮುಂದೆ ಮಾಡಿದ್ದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಬೆಳಿಗ್ಗೆ ಇಡ್ಲಿ ತಿಂದು ಹನ್ನೊಂದರ ಹೊತ್ತಿಗೆ ಅವರು ಸ್ನಾನಕ್ಕೆ ಹೋದಾಗ ಗೋಡೆಯ ಮೇಲಿನ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ, ಸುರುಳಿ ಸುತ್ತಿ ಫ್ರಿಜ್ಜಿನ ಹಿಂದೆ ತುರುಕಿದೆ. ಅವರು ಬಂದು ಖಾಲಿ ಗೋಡೆಯನ್ನು ನೋಡಿದರು. ಏನಾದರೂ ಕೇಳಿಯಾರೆಂದು ನಾನೇ ಬಾಯಿ ಹಾಕಿದೆ: "ಭಾವ, ಬಾಳೆಎಲೆ ಬೇಕಿತ್ತು. ಕಾಯೂ ಬೇಕು. ಮಂಡಿ ಕಡೆಯಿಂದಲೇ ತಂದ್ರೆ ಚೆನ್ನಾಗಿರುತ್ತೆ. ಅವಸರ ಏನಿಲ್ಲ, ನಿಧಾನವಾಗಿ ಬನ್ನಿ." ಮಂಡಿಗೆ ಹೋದರೆ ಹಳೆಯ ಸ್ನೇಹಿತರ ಜೊತೆ ಮಾತಾಡುತ್ತಾ ಮಧ್ಯಾಹ್ನ ಮೂರು ದಾಟಿಸುತ್ತಾರೆಂಬುದು ನನ್ನ ಲೆಕ್ಕಾಚಾರ. ಅಷ್ಟರಲ್ಲಿ ಗೆಳತಿಯರು ಹೊರಟಿರುತ್ತಾರೆ.

ಅವರು ಮುಕ್ಕಾಲು ಗಂಟೆಯಲ್ಲಿ ಬಂದುಬಿಟ್ಟರು! ಅತಿಥಿಗಳಿಗೆ ತಡವಾಗಬಾರದಂತೆ.

ನಾವು ಮೂವರೂ ಆಗ ಗೇಟಿನ ಹತ್ತಿರವೇ ಇದ್ದೆವು. ಗೆಳತಿಯರು ಆಗ ತಾನೆ ಕಾರಿನಿಂದಿಳಿದು ಗೇಟು ದಾಟಿ ಒಳಗೆ ಬಂದಿದ್ದರು, ಇಬ್ಬರ ಸೀರೆಯಲ್ಲೂ ಒಂದು ಸುಕ್ಕಿಲ್ಲ. ಎದುರಿಗೆ ಭಾವನವರು: ಮೇಲಕ್ಕೆತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಕಾಯಿಚೀಲ, ಕಂಕುಳಲ್ಲಿ ಎಲೆಯ ಕಟ್ಟು, ತಲೆಗೆ ಸುತ್ತಿದ ಟವೆಲು, ಟವೆಲಿನ ಮೇಲೆ ಬಟ್ಟಲಿನಷ್ಟು ದೊಡ್ಡ ಹೆಡ್‌ಫೋನು. ಒಂದು ಕಿವಿಯದನ್ನು ಸರಿಸಿಕೊಂಡು, ನಗುತ್ತಾ ಬರುತ್ತಿದ್ದಾರೆ.

"ಯಾರೇ ಅದು?" ಎಂದಳು ಒಬ್ಬಳು, ಮೆತ್ತಗೆ.

ನಾನೂ ಅಷ್ಟೇ ಮೆತ್ತಗೆ ಹೇಳಿದೆ. "ಕಾಯಿ ತಂದುಕೊಡೋರು ಕಣೇ. ಮಂಡಿಯೋರು."

ಚಿಪ್ಪಿನೊಳಗೆ ಕೊಬ್ಬರಿ ಮಗ್ಗುಲಾದರೆ ಕೇಳಿಸಿಕೊಳ್ಳುವ ಕಿವಿ ಅದು. ನಾಲ್ಕು ಹೆಜ್ಜೆ ಆಚೆಗಿನ ಮಾತು ಕೇಳದೆ ಇದ್ದೀತೇ?

ಅವರ ನಗು ಹಾಗೇ ಇತ್ತು. ಕಾಲು ಮಾತ್ರ ಗೇಟಿನ ಆಚೆಯೇ ನಿಂತಿತು. ಚೀಲವನ್ನು ಹುಷಾರಾಗಿ ಇಳಿಸಿ, ಎಲೆಯ ಕಟ್ಟನ್ನು ಮೇಲಿಟ್ಟು, ಮನೆಯಲ್ಲಿ ಎಂದೂ ಆಡದ ಮಂಡಿಯ ಮಾತಿನಲ್ಲಿ ಹೇಳಿದರು: "ಕಾಯಿ ಇಲ್ಲೇ ಇಟ್ಟಿವ್ನಿ ಕಣ್ರಮ್ಮ. ಎಲ್ಲಾ ಚೆನ್ನಾಗವೆ, ನೋಡೇ ತಂದಿವ್ನಿ."

ನನ್ನ ಗೆಳತಿ ಪಾಪ ಒಳ್ಳೆಯವಳು. "ಏನು ಹಾಡು ಕೇಳ್ತಿದೀರಿ?" ಎಂದು ಅವರನ್ನು ಕೇಳಿಯೇಬಿಟ್ಟಳು.

ವರ್ಷವಿಡೀ ಅವರು ಕಾದಿದ್ದ ಪ್ರಶ್ನೆ.

"ಏನೋ ಒಂದು ಹಾಡು ಕಣ್ರವ್ವ," ಎಂದರು ಭಾವನವರು. "ಅದೆಲ್ಲಾ ನಮ್ಗೇನ್ ತಿಳೀತದೆ!"

ಗೇಟು ಸದ್ದಾಗದಂತೆ ಮುಂದಕ್ಕೆಳೆದು ಚಿಲಕ ಹಾಕಿ ಹೊರಟುಹೋದರು. ಆ ಚಿಲಕ ಯಾವಾಗಲೂ ಕಿರುಗುಟ್ಟುತ್ತದೆ. ಅಂದು ಅದೂ ಕಿರುಗುಟ್ಟಲಿಲ್ಲ.

ಊಟಕ್ಕೆ ಏನು ಬಡಿಸಿದೆ, ಏನು ಮಾತಾಡಿದೆ, ನೆನಪಿಲ್ಲ. "ಎಷ್ಟು ಸೈಲೆಂಟೇ ನಿಮ್ಮನೆ!" ಎಂದು ಗೆಳತಿಯರು ಹೊಗಳಿದ್ದು ನೆನಪಿದೆ. ಮಿಕ್ಸಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಎರಡು ಸಲ ತಿರುಗಿಸಿದ್ದೂ ನೆನಪಿದೆ. ಮೂರಕ್ಕೆ ಅವರು ಹೊರಟ ಮೇಲೆ ಫ್ರಿಜ್ಜಿನ ಹಿಂದಿನಿಂದ ಪಟ್ಟಿಯನ್ನು ತೆಗೆದೆ. ಒಂದು ಮೂಲೆ ನೀರು ತಾಗಿ ಮಸಿ ಹರಡಿತ್ತು. ಸೆರಗಿನಿಂದ ಒತ್ತಿ, ಮಡಿಕೆ ನೇವರಿಸಿ, ಮತ್ತೆ ಅದೇ ಜಾಗಕ್ಕೆ ಅಂಟಿಸಿದೆ. ಸೊಟ್ಟಗಾಯಿತು. ತೆಗೆದು ಇನ್ನೊಮ್ಮೆ ಅಂಟಿಸಿದೆ.

ಐದೂವರೆಗೆ ಭಾವನವರು ಬಂದರು. ಕಾಲು ತೊಳೆದರು. ಆತುರಾತುರವಾಗಿ ಕಾಫಿ ಕೊಡಲು ಹೋಗಿ ಸಾಸರಿಗೆ ಚೆಲ್ಲಿದೆ.

"ಹೊರಟ್ರಾ ಅವ್ರು? ಹೊಟ್ಟೆ ತುಂಬ ಊಟ ಮಾಡಿದ್ರೇನಮ್ಮ?"

"ಹೂಂ ಭಾವ."

"ಎಲೆ ಸಾಲ್ತಾ?"

"ಸಾಲ್ತು."

ಕಾನ್ವೆಂಟಿನಲ್ಲಿ ದಿನಕ್ಕೆ ಐವತ್ತು ಸಲ 'ಸಾರಿ' ಹೇಳುತ್ತಿದ್ದ ಬಾಯಿ ಇದು. ಪೆನ್ಸಿಲ್ ಬಿದ್ದರೆ ಸಾರಿ, ಕೆಮ್ಮಿದರೆ ಸಾರಿ. ಅಂದು ಆ ಬಾಯಿಗೆ ಒಂದೇ ಒಂದು ಮಾತೂ ಬರಲಿಲ್ಲ. ಅವರು ಚೆಲ್ಲಿದ ಕಾಫಿಯನ್ನೂ ಸಾಸರಿನಿಂದ ಕಪ್ಪಿಗೆ ಬಗ್ಗಿಸಿಕೊಂಡು ಕುಡಿದು, ಕೋಣೆಗೆ ಹೋದರು. ಒಳಗಿನಿಂದ ಹಾಡು ಕೇಳಿಸಲಿಲ್ಲ. ನಾನು ತಡೆಯಲಾರದೆ ಹಿತ್ತಲಿಗೆ ಬಂದು, ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಾ ನಿಂತೆ.

ಕಾಂಪೌಂಡಿನ ಆಚೆ ಪಕ್ಕದ ಮನೆಯ ಅಜ್ಜಿ ಕರಿಬೇವಿನ ಗಿಡದಿಂದ ಎಲೆ ಬಿಡಿಸುತ್ತಿದ್ದರು. ರಾಗಿ ಹೊಲ ಮಕ್ಕಳಿಗೆ ಬಿಟ್ಟು ಪೇಟೆ ಸೇರಿದವರು, ಯಾರನ್ನೂ ಮಾತಾಡಿಸದೆ ಬಿಡುವವರಲ್ಲ.

"ಮದ್ಯಾನ್ನ ನಿಮ್ ಭಾವ್ನೋರು ನಮ್ ಜಗ್ಲಿ ಮ್ಯಾಲೆ ಕೂತಿದ್ರು ಕಣವ್ವ," ಎಂದರು, ಎಲೆಯಿಂದ ಕಣ್ಣೆತ್ತದೆ. "ನಮ್ಗೆಲ್ಲಾ ಹಾಡು ಕೇಳ್ಸುದ್ರು. ಹತ್ತು, ಒಂಬತ್ತು ಅಂತ ಇಳ್ಕಂಡ್ ಇಳ್ಕಂಡ್ ಬಂದ್ರು. ಎರಡಕ್ಕೆ ಬಂದು ಗಪ್ಪಂತ ನಿಲ್ಸೇಬುಟ್ರು! ಒಂದನೇದೂ ಹಾಕಿ ಸ್ವಾಮಿ ಅಂದ್ರೆ, ಊಹೂಂ, ಅದ್ನ ಮೊದ್ಲು ನಮ್ ಮನೆಯಮ್ಮ ಕೇಳ್ಬೇಕು, ಆಮೇಲೆ ಮಿಕ್ಕಿದೋರು ಅಂತಾರಪ್ಪ. ಅಲ್ಲ ಕಣವ್ವ, ಅಂಗಾರೆ ನಾವೇನು ಹೊರಗ್ನೋರಾ?"