ಹಳಿಯ ಮೇಲೆ ಸಿಕ್ಕಿಕೊಂಡ ಪುಟ

ನಮ್ಮ ಮಾಮಾನ ಜೀವ ತೆಗೆಯಲು ಬಂದದ್ದು ಗೂಡ್ಸ್ ರೈಲಲ್ಲ, ಒಂದು ಒತ್ತಕ್ಷರ! ನಗಬೇಡಿ. ಇದನ್ನು ಬರೆಯುವಾಗಲೂ ಆ ಹಾರ್ನ್ ನನ್ನ ಕಿವಿಯಲ್ಲೇ ಇದೆ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ, ಭಾಲ್ಕಿಯವರು. ಊಟದಲ್ಲಿ, ಕ್ಷೌರದಲ್ಲಿ, ಬಸ್ಸಿನಲ್ಲಿ ಜೋತಾಡುವಾಗಲೂ ಓದುವ ಪ್ರಾಣಿ. ಅತ್ತೆಯೂ ಅಷ್ಟೇ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಬಂದು ಎರಡೂ ಕಣ್ಣು ಮಂಜಾದಾಗ ಆಕೆ ಒಂದು ಕಾದಂಬರಿಯ ನಡುವೆ ಇದ್ದರು. ಆಪರೇಷನ್ನಿಗೆ ಹೆದರಿ ಮುಂದೂಡುತ್ತ ಹೋದರು. ಅಷ್ಟರಲ್ಲಿ ಪುಸ್ತಕವನ್ನು ಗೆದ್ದಲು ಓದಿ ಮುಗಿಸಿತು! ಔರಾದದ ಪರಿಚಯದವರೊಬ್ಬರಲ್ಲಿ ಅದರ ಫೈಲ್ ಸಿಕ್ಕಿತು. ಆಕೆಗೆ ಓದಿ ಹೇಳಲೆಂದು ಮಾಮಾ ಒಂದು ಹಳೆಯ ಇ-ರೀಡರ್ ತಂದರು.

ಅದೋ, ಮಹಾ ಹಟಮಾರಿ. ಒಂದು ಬಗೆಯ ಫೈಲ್ ಕೊಟ್ಟರೆ ಬಾಯಿಯನ್ನೇ ಬಿಡದು. ಇನ್ನೊಂದು ಬಗೆಯದರಲ್ಲಿ ಅಕ್ಷರ ಇರುವೆಯಷ್ಟು. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯ ಹೊರಗೆ! ಮೂರನೆಯದರಲ್ಲಿ ಎಲ್ಲ ಸರಿ, ಆದರೆ ಒತ್ತಕ್ಷರ ಬಂದಲ್ಲೆಲ್ಲ ಒಂದು ಖಾಲಿ ಡಬ್ಬಿ. ಮೊದಲ ದಿನ ಮಾಮಾ ಗಂಭೀರವಾಗಿ ಓದಿದರು: “ಆಕೆ ಅ-ಡಬ್ಬಿ-ನ ಕಡೆ ನೋಡಿ ನ-ಡಬ್ಬಿ-ಳು.”

“ಅಡಗಿಮನಿ ಕಾದಂಬರಿ ಏನ್ರೀ ಇದು?” ಎಂದರು ಅತ್ತೆ.

ಬೀದರಿನ ಅಂಗಡಿಯವ ಹಿಂದೆ ಮುಂದೆ ತಿರುಗಿಸಿ ನೋಡಿದ. “ಚಾಚಾ, ಹಳೀ ಮಾಡೆಲ್ ಅದರಿ. ಇದಕ್ಕ ಕನ್ನಡ ಪೂರಾ ಬರಂಗಿಲ್ಲ.”

“ನಿಮ್ಮಲ್ಲೇ ನಾಕು ದಿನ ಇಟ್ಟು ಹೋದ್ರ ಕಲೀತದೇನು?”

“ಇಲ್ಲಿಟ್ರ ಉರ್ದೂ ಕಲೀತದ ನೋಡ್ರಿ!”

ಇನ್ನೊಂದು ರೋಗವೂ ಇತ್ತು. ಪುಟಗಳು ಒಮ್ಮೆ ಕುಪ್ಪಳಿಸುತ್ತಿದ್ದವು, ಒಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಕಾರಣ ಹಿಡಿದದ್ದು ಯಾರು? ಕಣ್ಣು ಕಾಣದ ಅತ್ತೆ, ಬರೀ ಕಿವಿಯಿಂದ! ಜೀವಮಾನವಿಡೀ ಪುಸ್ತಕ ತಿರುವಿದ ರೂಢಿಯಲ್ಲಿ ಮಾಮಾ ಪ್ರತಿ ಪುಟಕ್ಕೂ ಬೆರಳನ್ನು ಚಪ್ ಎಂದು ನಾಲಗೆಗೆ ಹಚ್ಚಿ ಪರದೆಯ ಮೇಲೆ ಎಳೆಯುತ್ತಿದ್ದರು.

“ಎಂಜಲ ಹಚ್ಚಬ್ಯಾಡ್ರೀ, ಅದು ಕೆಡ್ತದ!”

“ಸರಸ್ವತಿಗೇ ಸಿಟ್ಟು ಬರ್ಲಿಲ್ಲ, ಇದಕ್ಯಾಕ ಬರ್ತದ?”

ಕೊನೆಗೂ ಅತ್ತೆ ಧೈರ್ಯ ಮಾಡಿ ಬೀದರಿನಲ್ಲಿ ಒಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಅಲ್ಲಿನ ನಮ್ಮ ಮನೆಯಲ್ಲೇ ಉಳಿದರು. ಕಾದಂಬರಿಯ ಕೊನೆಯ ಅಧ್ಯಾಯ ಬಾಕಿ ಇತ್ತು. ಅವತ್ತು ಸಂಜೆ ಓದುತ್ತೇನೆಂದು ಮಾಮಾ ಮಾತು ಕೊಟ್ಟಿದ್ದರು. ಆದರೆ ರೀಡರನ್ನೇ ಭಾಲ್ಕಿಯಲ್ಲಿ ಮರೆತು ಬಂದಿದ್ದರು! ತರಲು ನಾನೂ ಜೊತೆಗೆ ಹೋದೆ.

ಮರಳುವಾಗ ಭಾಲ್ಕಿ ಸ್ಟೇಷನ್ನಿನಲ್ಲಿ ಮಾಮಾ ಮೇಲ್ಸೇತುವೆ ಬಿಟ್ಟು ಹಳಿ ದಾಟತೊಡಗಿದರು, ಕಣ್ಣು ರೀಡರಿನಲ್ಲಿ. ನಡುಹಳಿಯಲ್ಲಿ ಪುಟ ಸಿಕ್ಕಿಕೊಂಡಿತು. ಅವರೂ ನಿಂತರು! ಬೆರಳು ನಾಲಗೆಗೆ ಹೋಯಿತು. ಆಚೆಯಿಂದ ಗೂಡ್ಸ್ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ನಾನು ಕೂಗಿದೆನೋ ಇಲ್ಲವೋ ತಿಳಿಯದು. ಅವರ ಕಾಲರ್ ಹಿಡಿದು ಎಳೆದದ್ದು ಮಾತ್ರ ಇಂದಿಗೂ ಕೈಗೆ ನೆನಪಿದೆ. ಇಬ್ಬರೂ ಜಲ್ಲಿಕಲ್ಲಿನ ಮೇಲೆ ಬಿದ್ದೆವು. ರೈಲಿನ ಗಾಳಿ ಮುಖಕ್ಕೆ ಬಡಿಯಿತು.

“ಹುಚ್ಚ ಹಿಡದದೇನ್ರಿ ಮಾಮಾ?” ಅಳುತ್ತಲೇ ಬೈದೆ.

“ಬೈಬ್ಯಾಡವಾ. ದಿನಾ ಓದೂಕಿಂತ ಮೊದಲ ಆ ಡಬ್ಬಿಯೊಳಗಿನ ಅಕ್ಷರ ಹುಡುಕಿ ಇಟ್ಕೋತೇನಿ. ಇಲ್ಲಾಂದ್ರ ಆಕಿ ಮುಂದ ತಡವರಿಸ್ತೇನಿ. ಎರಡು ವರ್ಷ ಕಾದಾಳ, ಕತಿ ತುಂಡು ತುಂಡು ಕೇಳ್ಬೇಕೇನು?”

ಮನೆ ಮುಟ್ಟಿದಾಗ ರೀಡರಿನ ಗಾಜು ಸೀಳು ಬಿಟ್ಟಿತ್ತು, ಪರದೆ ಕಪ್ಪಾಗಿತ್ತು. ಅತ್ತೆಯ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮಂಜು.

“ಬಂದ್ರೇನು? ಶುರು ಮಾಡ್ರಿ ಮತ್ತ.”

ಮಾಮಾ ನನ್ನತ್ತ ಒಮ್ಮೆ ನೋಡಿ, ಆ ಸತ್ತ ಪರದೆಯನ್ನೇ ಮುಖದ ಮುಂದೆ ಹಿಡಿದು ಓದತೊಡಗಿದರು. ಒಂದೇ ಒಂದು ಡಬ್ಬಿ ಇಲ್ಲ! ಎಷ್ಟು ಕಾದಂಬರಿಯದೋ, ಎಷ್ಟು ಮಾಮಾನದೋ, ಕತೆ ಹರಿಯಿತು. ನಡುವೆ ರೂಢಿಯಂತೆ ಬೆರಳು ನಾಲಗೆಗೆ ಹೋಯಿತು: ಚಪ್.

“ಎಂಜಲ ಹಚ್ಚಬ್ಯಾಡ್ರೀ, ಕೆಡ್ತದ” ಎಂದರು ಅತ್ತೆ.

ಮಾಮಾ ಮೊದಲ ಬಾರಿಗೆ ವಾದಿಸಲಿಲ್ಲ. ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಆ ಒಡೆದ ಗಾಜಿನ ಮೇಲೆ ಮೆಲ್ಲಗೆ ಪುಟ ತಿರುವಿದರು.