ಗಂಗಮ್ಮನವರ ಮುಖ ಮತ್ತು ಜಪಾನಿನ ಕ್ಯಾಮೆರಾ

ಫೋಟೋ ತೆಗೆದು ಹೊಟ್ಟೆ ಹೊರೆಯುವವನ ಮನೆಯಲ್ಲಿ ಅವನದೇ ಒಂದು ಒಳ್ಳೆಯ ಫೋಟೋ ಇರುವುದಿಲ್ಲ. ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸ್ಟುಡಿಯೋ ಇತ್ತು. ಕೊಬ್ಬರಿ ಹರಾಜಿನ ದಿನ ಊರಿಗೆ ಬಂದ ರೈತರು, ಹೊಸದಾಗಿ ಮದುವೆಯಾದವರು, ಕೆಲಸಕ್ಕೆ ಅರ್ಜಿ ಹಾಕುವವರು, ಕೈಗಡಿಯಾರ ಕೊಂಡ ಖುಷಿಗೆ ಮಣಿಕಟ್ಟು ಕಾಣುವ ಹಾಗೆ ಗಲ್ಲಕ್ಕೆ ಕೈಯಿಟ್ಟು ಕೂರುವವರು, ಇವರೆಲ್ಲರ ಮುಖಗಳನ್ನೂ ನಾನು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ ನೋಡಿದ್ದೇನೆ. ಅವರು ನೋಡಿದ್ದು ಕರಿಬಟ್ಟೆಯನ್ನು ಮಾತ್ರ. ನೆಂಟರ ಮನೆಯ ಯಾವ ಆಲ್ಬಮ್ಮಿನಲ್ಲೂ ನಾನಿಲ್ಲ. ಒಮ್ಮೆ ನಮ್ಮ ಭಾವಮೈದುನ ತನ್ನ ಮದುವೆಯ ಆಲ್ಬಮ್ ತಿರುವಿ ಹಾಕುತ್ತಾ, "ಭಾವ, ನೀವು ನಮ್ಮ ಮದುವೆಗೆ ಬಂದಿರ್ಲಿಲ್ವಾ?" ಎಂದು ಕೇಳಿದ. ಅವನ ಮದುವೆಯ ಫೋಟೋಗಳನ್ನು ತೆಗೆದವನು ನಾನೇ. ಇನ್ನು ನನ್ನ ಸ್ವಂತ ಮದುವೆಯ ಫೋಟೋಗಳಲ್ಲಿ ಹೆಂಡತಿ ಸರೋಜ ನೇರವಾಗಿ ನೋಡುತ್ತಿದ್ದರೆ ನಾನು ಪಕ್ಕಕ್ಕೆ ನೋಡುತ್ತಿದ್ದೇನೆ. ದೀಪವನ್ನು ಇನ್ನಷ್ಟು ಎಡಕ್ಕೆ ಸರಿಸು ಎಂದು ಫೋಟೋದವನಿಗೆ ಹೇಳುತ್ತಿದ್ದ ಕ್ಷಣ ಅದು.

ನಮ್ಮಂಥವರ ಈ ಕೊರತೆಯನ್ನು ಹೆಂಡತಿ ಮಕ್ಕಳು ಗಮನಿಸಲಿಲ್ಲ, ನೆಂಟರು ಗಮನಿಸಲಿಲ್ಲ. ಗಮನಿಸಿದ್ದು ಕ್ಯಾಮೆರಾ ಕಂಪನಿಯವರು.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಜಪಾನಿನಲ್ಲಿ ತಯಾರಾದ ಒಂದು ದುಬಾರಿ ಕ್ಯಾಮೆರಾವನ್ನು ನಮ್ಮ ಕಡೆ ಮಾರಲು ಹೊರಟ ಕಂಪನಿಯೊಂದು ತಿಪಟೂರಿನ ಲಾಡ್ಜಿನಲ್ಲಿ ಡೆಮಾನ್‌ಸ್ಟ್ರೇಶನ್ ಏರ್ಪಡಿಸಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಂದಲೂ ಫೋಟೋದವರು ಬಂದಿದ್ದರು. ಬೋಂಡಾ, ಕಾಫಿ ಆದ ಮೇಲೆ ಗೋಡೆಗೆ ಲಾಡ್ಜಿನದೇ ಹಾಸಿಗೆಯ ಬಿಳಿ ಹೊದಿಕೆ ಕಟ್ಟಿ ಚಿತ್ರಗಳನ್ನು ತೋರಿಸಿದರು. ಹಿಮದ ಬೆಟ್ಟ, ಹುಲಿಯ ಕಣ್ಣು, ನೀರಿನಿಂದ ಎದ್ದು ಬರುತ್ತಿರುವ ಒಬ್ಬ ವಿದೇಶಿ ಹೆಣ್ಣುಮಗಳು. ನಮ್ಮ ಮೂರು ತಾಲ್ಲೂಕುಗಳಲ್ಲಿ ಹಿಮವೂ ಇರಲಿಲ್ಲ, ಹುಲಿಯೂ ಇರಲಿಲ್ಲ, ಕೆರೆಯಿಂದ ಹಾಗೆ ಎದ್ದು ಬರುತ್ತಿದ್ದದ್ದು ಎಮ್ಮೆಗಳು ಮಾತ್ರ. ಆದರೂ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು.

ಕಂಪನಿಯ ಪ್ರತಿನಿಧಿ ಪ್ರಭಾಕರ್ ಎಂಬಾತ. ತೆಳ್ಳಗೆ, ನೀಟಾಗಿ ಇಸ್ತ್ರಿ ಮಾಡಿದ ಬಟ್ಟೆ, ಮೆತ್ತನೆಯ ಮಾತು. ಕೊಳ್ಳಿ ಎಂಬ ಶಬ್ದವನ್ನು ಆತ ಒಮ್ಮೆಯೂ ಆಡಲಿಲ್ಲ. ಕ್ಯಾಮೆರಾವನ್ನು ಒಬ್ಬೊಬ್ಬರ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿ, ಆ ಸಣ್ಣ ಸದ್ದನ್ನು ಕೇಳಿಸಿದರು. ನಾವೆಲ್ಲ ವೈದ್ಯರ ಮುಂದೆ ಕೂತವರಂತೆ ಗಂಭೀರವಾಗಿ ಕೇಳಿಸಿಕೊಂಡೆವು. ಬೆಳಕನ್ನು ಅದು ತಾನೇ ಅಳೆದುಕೊಳ್ಳುತ್ತದಂತೆ. ರೆಪ್ಪೆಯ ಕೂದಲನ್ನು ಎಣಿಸಬಹುದಂತೆ. ಆಮೇಲೆ ಆತ ನನ್ನನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ ಕೂರಿಸಿದರು.

"ಸರ್, ನಿಮ್ಮ ಒಂದು ಫೋಟೋ ತೆಗೀಲಾ? ನಿಮ್ಮಂಥ ಕಲಾವಿದರದ್ದು ಯಾರೂ ತೆಗೆದೇ ಇರಲ್ಲ, ಅಲ್ವಾ ಸರ್?"

ನನ್ನನ್ನು ಅದುವರೆಗೆ ಯಾರೂ ಕಲಾವಿದ ಎಂದಿರಲಿಲ್ಲ. ಕಾಲರ್ ಸರಿಮಾಡಿಕೊಂಡು ತಲೆಯಾಡಿಸಿದೆ. ಆ ದಿನ ಅಲ್ಲಿ ಸೇರಿದ್ದ ಎಲ್ಲ ಫೋಟೋದವರನ್ನೂ ಆತ ಅದೇ ಕಿಟಕಿಯ ಬಳಿ ಕೂರಿಸಿ ಅದೇ ಮಾತು ಹೇಳಿದ್ದರು ಎಂಬುದು ತಿಳಿದದ್ದು ಬಹಳ ದಿನಗಳ ನಂತರ.

ಕೆಲವು ವಾರಗಳಾದ ಮೇಲೆ ಪ್ರಭಾಕರ್ ನನ್ನ ಫೋಟೋವನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ ತಂದುಕೊಟ್ಟರು. ಕ್ಯಾಮೆರಾದ ಮಾತೆತ್ತದೆ ಕಾಫಿ ಕುಡಿದು ಹೊರಟುಹೋದರು. ಸರೋಜ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ನನ್ನನ್ನೂ ನೋಡಿದಳು.

"ಇದೇನ್ರೀ, ಇದ್ರಲ್ಲಿ ಏನೋ ಯೋಚ್ನೆ ಮಾಡೋರ ಥರ ಕಾಣ್ತೀರಿ!"

"ಯಾಕೆ, ನಾನು ಯೋಚನೆ ಮಾಡಲ್ವಾ?"

"ಮಾಡ್ತೀರೇನೋ. ಕಾಣ್ತಿರ್ಲಿಲ್ಲ ಅಷ್ಟೆ."

ಅಂದಿನಿಂದ ನನ್ನ ಹಳೆಯ ಮರದ ಕ್ಯಾಮೆರಾ ನನಗೆ ಸೇರದಾಯಿತು. ಅದರ ಮುಂದೆ ಕೂತವರೆಲ್ಲ ಕೂತಿದ್ದಾರೆ ಎಂದಷ್ಟೇ ಕಾಣುತ್ತಿತ್ತು. ಯಾರೂ ಯೋಚಿಸುತ್ತಿರಲಿಲ್ಲ. ಪ್ರಭಾಕರ್ ಮತ್ತೆ ಬಂದಾಗ ನಾನು ಬಾಯಿಬಿಡುವ ಮೊದಲೇ ಕ್ಯಾಮೆರಾ ಇದ್ದ ಚರ್ಮದ ಚೀಲವನ್ನು ಮೇಜಿನ ಮೇಲಿಟ್ಟರು. "ಕೊಳ್ಳೋ ಮಾತು ಬಿಡಿ ಸರ್. ಸ್ವಲ್ಪ ದಿನ ನಿಮ್ಮ ಹತ್ರ ಇರಲಿ. ಒಳ್ಳೆಯ ಕೈಗೆ ಸಿಕ್ಕಿದ್ರೆ ಕ್ಯಾಮೆರಾಕ್ಕೂ ಒಂದು ಮರ್ಯಾದೆ." ಮಗಳನ್ನು ಒಪ್ಪಿಸಿದಂತೆ ಒಪ್ಪಿಸಿ ಹೋದರು. ಆ ವಾರ ನಾನು ಸ್ಟುಡಿಯೋದ ಬಾಗಿಲಿಗೆ ಹಾಕಿದ ಬೀಗವನ್ನು ಎಳೆದೆಳೆದು ನೋಡಿದಷ್ಟು ನನ್ನ ಮನೆಯ ಬೀಗವನ್ನು ಎಂದೂ ನೋಡಿರಲಿಲ್ಲ.

ಆಗಲೇ ತುರುವೇಕೆರೆ ಕಡೆಯ ಸಂಪಿಗೆಯ ಹತ್ತಿರದ ಹಳ್ಳಿಯಿಂದ ನಂಜುಂಡಪ್ಪ ಎಂಬುವವರು ಬಂದರು. ತೆಂಗಿನ ತೋಟ, ಹೊಲ, ದನಕರು ಇದ್ದ ಗಟ್ಟಿ ಕುಳ. ಅವರ ತಾಯಿ ಗಂಗಮ್ಮನವರಿಗೆ ವಯಸ್ಸಾಗಿತ್ತು. ಇರುವಾಗಲೇ ಒಂದು ಫೋಟೋ ತೆಗೆಸಿಡಬೇಕು, ಆದರೆ ಆಕೆ ಒಪ್ಪುವುದಿಲ್ಲ, ಜನ್ಮದಲ್ಲಿ ಕ್ಯಾಮೆರಾದ ಮುಂದೆ ಕೂತವಳಲ್ಲ, ನೀವೇ ಬಂದು ಏನಾದರೂ ಮಾಡಿ ಎಂದರು. ಕಾರಣವನ್ನೂ ದನಿ ತಗ್ಗಿಸಿ ಹೇಳಿದರು. ಚಿಕ್ಕಂದಿನಲ್ಲಿ ಆಕೆಗೆ ಅಮ್ಮ ಆಗಿತ್ತು. ಸಿಡುಬನ್ನು ನಮ್ಮ ಕಡೆ ಹಾಗೆಯೇ ಅನ್ನುವುದು. ಮುಖದ ತುಂಬ ಆ ಗುರುತು ಉಳಿದಿತ್ತು.

"ನಾಚ್ಕಂತಾಳೆ ಕಣ್ರೀ ನಮ್ಮವ್ವ. ನೀವು ಎಲ್ಲ ನುಣ್ಣಗೆ ಮಾಡ್ಕೊಡ್ತೀರಲ್ಲ?"

ನುಣ್ಣಗೆ ಮಾಡುವುದೇ ನನ್ನ ಕಸುಬು. ಹಳೆಯ ಕ್ಯಾಮೆರಾದ ನೆಗೆಟಿವ್ ಅಂಗೈಯಗಲ ಇರುತ್ತಿತ್ತು. ಅದನ್ನು ಬೆಳಕಿನೆದುರು ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮೆಲ್ಲಗೆ ತಿದ್ದಿದರೆ ಮೊಡವೆ, ಸುಕ್ಕು, ಕಲೆಗಳೆಲ್ಲ ಮಾಯವಾಗುತ್ತಿದ್ದವು. ಮೂರು ತಾಲ್ಲೂಕಿನಲ್ಲಿ ಎಷ್ಟೋ ಮದುವೆಗಳು ನನ್ನ ಪೆನ್ಸಿಲ್ಲಿನಿಂದ ಕುದುರಿವೆ.

ಹಳ್ಳಿಗೆ ಹೋಗುವಾಗ ಹಳೆಯ ಕ್ಯಾಮೆರಾವನ್ನೇ ಒಯ್ಯಬೇಕಿತ್ತು. ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಗಂಗಮ್ಮನವರು ಅಂಗಳದಲ್ಲಿ ಮಣೆಯ ಮೇಲೆ ಕೂತಿದ್ದರು. ಮುಂದೆ ಒಡೆದ ಕೊಬ್ಬರಿಯ ಚೂರುಗಳನ್ನು ಚಾಪೆಯ ಮೇಲೆ ಒಣಗಲು ಹರಡಿದ್ದರು.

"ಏನಪ್ಪಾ, ನಾನು ಸತ್ಮೇಲೆ ಹಾರ ಹಾಕಕ್ಕೆ ಫೋಟೋ ಬೇಕಂತಾ ಇವಕ್ಕೆ?"

"ಹಾಗೇನಿಲ್ಲಮ್ಮ..."

"ಹಂಗೇ ಐತೆ ಬುಡು. ತಪ್ಪೇನೈತೆ ಅದ್ರಾಗೆ? ನಂಗೆ ಬ್ಯಾಡ ಅಷ್ಟೆ. ಮಜ್ಗೆ ಕುಡ್ಕಂಡು ಹೋಗು."

ನಂಜುಂಡಪ್ಪನವರು ತಂದ ಮಜ್ಜಿಗೆ ಕುಡಿದೆ. ಮಳೆ, ಬೆಳೆ ಮಾತಾಡಿದೆ. ಅಷ್ಟರಲ್ಲಿ ಒಂದು ಮೇಕೆ ಮೆಲ್ಲಗೆ ಬಂದು ಚಾಪೆಗೆ ಬಾಯಿ ಹಾಕಿತು. ಗಂಗಮ್ಮನವರು ಥಟ್ಟನೆ ತಿರುಗಿ, ತುಟಿ ಬಿಗಿದು, ಕಣ್ಣು ಕಿರಿದು ಮಾಡಿ ಅದನ್ನು ನೋಡಿದರು. ಬಿಳಿಗೋಡೆಯ ಮೇಲಿನ ಮಧ್ಯಾಹ್ನದ ಬೆಳಕು ಅವರ ಕೆನ್ನೆಗೆ ಬಿದ್ದಿತ್ತು. ನನ್ನ ಕೈ ತಾನಾಗಿ ಕ್ಯಾಮೆರಾ ಎತ್ತಿ ಗುಂಡಿ ಒತ್ತಿತು. ಮರುಕ್ಷಣ ಮೇಕೆಗೆ ಬೈಗುಳದ ಮಳೆ ಸುರಿಯಿತು. ನನಗೂ ಸ್ವಲ್ಪ ಸಿಡಿಯಿತು.

ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ ಆ ಮುಖ ನೀರಿನೊಳಗಿಂದ ಮೂಡಿ ಬಂದಾಗ ನಾನು ಅದ್ದಿದ ಕೈಯನ್ನು ತೆಗೆಯುವುದನ್ನೇ ಮರೆತೆ. ಅಂಥ ಫೋಟೋ ನಾನು ತೆಗೆದವನಲ್ಲ. ಸಿಡುಬಿನ ಒಂದೊಂದು ಗುಳಿಯೂ, ಕಣ್ಣಿನ ಅಂಚಿನ ಒಂದೊಂದು ಗೆರೆಯೂ ಇದ್ದವು. ಹಿಂದೆಯೇ ಪೆನ್ಸಿಲ್ಲಿನ ನೆನಪಾಯಿತು. ಈ ಕ್ಯಾಮೆರಾದ ನೆಗೆಟಿವ್ ಅಂಚೆಚೀಟಿಯಷ್ಟು. ಪೆನ್ಸಿಲ್ ಇಟ್ಟರೆ ಮುಖವೇ ಹೋಗುತ್ತದೆ. ಇದನ್ನು ಪ್ರಭಾಕರ್ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇದ್ದದ್ದನ್ನು ಇದ್ದಂತೆಯೇ ಒಯ್ದುಕೊಟ್ಟೆ. ನಂಜುಂಡಪ್ಪನವರ ಮುಖ ಕಪ್ಪಿಟ್ಟಿತು. "ಏನ್ ಸ್ವಾಮಿ ಇದು? ನಾಳೆ ನೆಂಟ್ರು ಇಷ್ಟ್ರು ನೋಡೋ ಫೋಟೋ! ಒಂದ್ ಗುರ್ತೂ ಬುಡ್ದಂಗೆ ಎತ್ತಿದ್ದೀರಲ್ಲ!" ಎಂದರು. ನಾನು ನೆಗೆಟಿವ್ ಗಾತ್ರದ ವಿಷಯವನ್ನು ವಿವರಿಸತೊಡಗಿದೆ. ಒಳಗಿನಿಂದ ಬಂದ ಗಂಗಮ್ಮನವರು ಮಗನ ಕೈಯಿಂದ ಫೋಟೋ ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ನೋಡಿದರು.

"ಲೋ ನಂಜುಂಡ, ಇದು ನಾನೇ ಕಣ್ಲಾ."

"ಹೂಂ ಕಣವ್ವ, ಆದ್ರೆ ಅಮ್ಮನ್ ಗುರ್ತು..."

"ಐತೆ. ಮುಖದಾಗೆ ಐತೆ, ಇದ್ರಾಗೂ ಐತೆ. ನಮ್ಮ ನಾದ್ನಿ ಫೋಟೋ ನೋಡಿದ್ದೆ, ಕೆನ್ನೆ ಮ್ಯಾಗೆ ಇದ್ದುದ್ದನ್ನೆಲ್ಲ ಅಳ್ಸಿ ಗೊಂಬೆ ಮಾಡಿದ್ರು. ಹಾರ ಹಾಕಿ ಅತ್ತಿದ್ದು ಯಾವಳಿಗೆ ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ. ಅದ್ಕೇ ಬ್ಯಾಡ ಅಂತಿದ್ದೆ. ನಾಚ್ಕೆ ಅಂತ ಯಾವನ್ ಹೇಳ್ದ ನಿಂಗೆ?"

ನಂಜುಂಡಪ್ಪನವರು ತಲೆತಗ್ಗಿಸಿದರು. ನಾನೂ ತಗ್ಗಿಸಿದೆ. ಆ ನಾದಿನಿಯ ಫೋಟೋ ತಿದ್ದಿದವನು ನಾನಲ್ಲದಿದ್ದರೆ ಸಾಕಪ್ಪ ಎಂದುಕೊಂಡೆ.

ಪ್ರಭಾಕರ್ ಆ ಫೋಟೋ ನೋಡಿ ಕುರ್ಚಿಯಿಂದ ಎದ್ದೇ ನಿಂತರು. "ಸರ್, ಕಂಪನಿಯವರು ಕೊಟ್ಟ ಹುಲಿ ಗಿಲಿ ಎಲ್ಲ ಇನ್ನು ಬೇಡ. ಇದೊಂದನ್ನ ಊರೂರಿಗೆ ಒಯ್ತೀನಿ. ಕೊಡಿ ಸರ್" ಎಂದರು. ತುಮಕೂರು, ಹಾಸನ, ಚಿತ್ರದುರ್ಗ, ದಾವಣಗೆರೆ, ಮೈಸೂರು! ನನಗೆ ತಲೆ ತಿರುಗಿತು. ಕೊಟ್ಟೇಬಿಡುತ್ತಿದ್ದೆ. ಕಾಫಿ ತಂದ ಸರೋಜ ಬಾಗಿಲಲ್ಲೇ ನಿಂತು, "ಮುಖ ಅವರದ್ದು ಕಣ್ರೀ. ಅವರನ್ನ ಕೇಳ್ದೆ ಹೆಂಗೆ ಕೊಡ್ತೀರಿ?" ಎಂದಳು. ಪ್ರಭಾಕರ್ ನನ್ನ ಮುಖ ನೋಡಿದರು. ನಾನು ಕಾಫಿ ನೋಡಿದೆ.

ಮತ್ತೆ ತುರುವೇಕೆರೆಯ ಬಸ್ಸು ಹತ್ತಿದೆ. ವಿಷಯ ಕೇಳಿದ್ದೇ ನಂಜುಂಡಪ್ಪನವರು, "ನಮ್ಮವ್ವನ್ ಮುಖ ಇಟ್ಕಂಡು ಯಾಪಾರ ಮಾಡ್ತಾರಾ?" ಎಂದು ಕೂಗಾಡಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಗಂಗಮ್ಮನವರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು.

"ಯಾವ್ಯಾವೂರಿಗೆ ಹೋಯ್ತದಪ್ಪ ಅದು?"

ಹೇಳಿದೆ. ಒಂದೊಂದು ಊರಿನ ಹೆಸರಿಗೂ ತಲೆದೂಗಿದರು.

"ನಾನು ತುರುವೇಕೆರೆ ದಾಟಿದೋಳಲ್ಲ. ತುಮಕೂರು ಹೆಂಗೈತೋ ಕಾಣೆ. ನನ್ ಮುಖನಾದ್ರೂ ಹೋಗಿ ನೋಡ್ಕಂಡ್ ಬರ್ಲಿ ಬುಡು." ಸ್ವಲ್ಪ ತಡೆದು, "ಒಂದ್ ಮಾತು. ಯಾರಿವಳು ಅಂತ ಕೇಳಿದ್ರೆ ಹೆಸ್ರು ಹೇಳ್ಬೇಕು. ಯಾವಳೋ ಮುದ್ಕಿ ಅನ್ಬಾರ್ದು" ಎಂದರು.

ಫೋಟೋ ಹೋಯಿತು. ಅದರೊಂದಿಗೆ ಚರ್ಮದ ಚೀಲವೂ ಹೋಯಿತು. ಆ ಬೆಲೆ ನನ್ನ ಅಳವಿನದಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಗಿರಾಕಿಗಳೆಲ್ಲ ಗಂಗಮ್ಮನವರಲ್ಲ. ಅವರಿಗೆ ನುಣುಪು ಬೇಕು, ನನಗೆ ಅವರು ಬೇಕು. ಹೀಗೆ ನನಗೆ ನಾನೇ ಬುದ್ಧಿ ಹೇಳಿಕೊಂಡು ಮತ್ತೆ ಕರಿಬಟ್ಟೆಯೊಳಗೆ ಸೇರಿಕೊಂಡೆ.

ಮುಂದಿನ ವರ್ಷ ತುಮಕೂರಿನಲ್ಲಿ ಕಂಪನಿಯ ದೊಡ್ಡ ಡೆಮಾನ್‌ಸ್ಟ್ರೇಶನ್ ಇದೆಯೆಂದು ತಿಳಿಯಿತು. ಗಂಗಮ್ಮನವರ ಹೆಸರು ಹೇಳುತ್ತಾರೋ ಇಲ್ಲವೋ ನೋಡಿಕೊಂಡು ಬರುವುದು ನನ್ನ ಕರ್ತವ್ಯ ಎಂದು ಸರೋಜಳಿಗೆ ಹೇಳಿದೆ. ಕೊಳ್ಳುವುದಿಲ್ಲ ಎಂದು ಆಣೆಯನ್ನೂ ಇಟ್ಟೆ. ಕಿಬ್ಬನಹಳ್ಳಿಯಲ್ಲಿ ಬಸ್ಸು ನಿಂತಾಗ ಚಹಾ ಕುಡಿಯುತ್ತಾ ಆ ಆಣೆಯನ್ನು ಮತ್ತೊಮ್ಮೆ ಗಟ್ಟಿ ಮಾಡಿಕೊಂಡೆ.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಆಳೆತ್ತರದ ಗಂಗಮ್ಮನವರು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಪ್ರಭಾಕರ್ ಮೆತ್ತನೆಯ ದನಿಯಲ್ಲಿ ಆರಂಭಿಸಿದರು. "ಇವರು ಗಂಗಮ್ಮ. ಸಂಪಿಗೆಯ ಹತ್ತಿರದ ಒಬ್ಬ ತಾಯಿ." ಮಾತು ಉಳಿಸಿಕೊಂಡಿದ್ದರು, ನನಗೆ ಸಮಾಧಾನವಾಯಿತು. ಕಥೆ ಅಲ್ಲಿಗೆ ನಿಲ್ಲಲಿಲ್ಲ. ಬೆಳಗಿನ ಜಾವದ ಮಂಜು, ತೆಂಗಿನ ತೋಟದ ನಡುವೆ ಸೋಸಿ ಬಂದ ಮೊದಲ ಕಿರಣ, ದೂರದ ಊರಿಂದ ಬರುವ ಮಗನ ದಾರಿ ಕಾಯುತ್ತಿರುವ ತಾಯಿಯ ಕಣ್ಣುಗಳು. ಮಗ ಆಗ ಪಕ್ಕದಲ್ಲೇ ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದ. ಆ ಕಣ್ಣುಗಳು ನೋಡುತ್ತಿದ್ದದ್ದು ಮೇಕೆಯನ್ನು. ಇದೆಲ್ಲ ಗೊತ್ತಿದ್ದವನು ಆ ಸಭಾಂಗಣದಲ್ಲಿ ನಾನೊಬ್ಬನೇ. ಆದರೂ ಏನು ಹೇಳಲಿ, ಮಗ ಬರಲಿಲ್ಲವಲ್ಲ ಎಂದು ನನ್ನ ಕಣ್ಣಿನಲ್ಲೂ ನೀರು ತುಂಬಿತು. ಅಂಥ ಮುಖವನ್ನು ಹಿಡಿಯುವ ಕ್ಯಾಮೆರಾ ನನ್ನ ಬಳಿ ಇಲ್ಲವಲ್ಲ ಎಂದು ಸಂಕಟವಾಯಿತು.

ಸಭೆ ಮುಗಿದಾಗ ಬುಕಿಂಗ್ ಮೇಜಿನ ಮುಂದೆ ಎಲ್ಲರಿಗಿಂತ ಮೊದಲು ನಿಂತಿದ್ದವನು ನಾನು. ಅಲ್ಲಿದ್ದದ್ದು ಕಂಪನಿಗೆ ಹೊಸದಾಗಿ ಸೇರಿದ, ನನ್ನನ್ನು ಕಂಡಿರದ ಒಬ್ಬ ಪ್ರತಿನಿಧಿ. ನನ್ನ ಹೆಸರು, ಊರು ಬರೆದುಕೊಂಡು, ಒದ್ದೆಯಾಗಿದ್ದ ನನ್ನ ಕಣ್ಣುಗಳನ್ನು ಗಮನಿಸಿ ಆತ ವಿಶ್ವಾಸದಿಂದ ಕೇಳಿದರು.

"ಆ ಫೋಟೋ ನೋಡಿಯೇ ಮನಸ್ಸು ಮಾಡಿದ್ರಾ ಸರ್?"

"ಹೌದು."

"ಎಲ್ಲರೂ ಹಾಗೇ ಹೇಳ್ತಾರೆ. ಆದ್ರೆ ಒಂದು ಮಾತು, ತಪ್ಪು ತಿಳೀಬೇಡಿ. ಕ್ಯಾಮೆರಾ ತಗೊಂಡ ತಕ್ಷಣ ಅಂಥ ಫೋಟೋ ಬಂದುಬಿಡಲ್ಲ. ನೀವೂ ಸ್ವಲ್ಪ ಅಭ್ಯಾಸ ಮಾಡ್ಬೇಕಾಗುತ್ತೆ."

"ಆಗಲಿ," ಎಂದೆ, "ಪ್ರಯತ್ನ ಮಾಡ್ತೀನಿ."